ಸೈನೈಡ್ ಗುಡ್ಡದಲ್ಲಿ ಇನ್ನೂ ಸೈನೈಡ್ ಇದೆಯಾ? (ನಮ್ಮೂರ ಕಥೆ, ಭಾಗ 6)

ಆಂಡರ್ಸನ್‌ಪೇಟೆಗೆ ಬಂದ ನೆಂಟರು ಮೊದಲು ಕೇಳೋ ಪ್ರಶ್ನೆ: "ಆ ಗುಡ್ಡ ಮುಟ್ಟಿದ್ರೆ ಸತ್ತೋಗ್ತಾರಂತೆ, ಹೌದಾ?" ಹಾಗೆಲ್ಲ ಆಗಲ್ಲ. ಆದ್ರೆ ಆ ಹೆಸರು ಸುಮ್ಮನೆ ಬಂದಿದ್ದೂ ಅಲ್ಲ.

ಫೋಟೋದಲ್ಲಿರೋ ಗುಡ್ಡ ಪ್ರಕೃತಿ ಮಾಡಿದ್ದಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕೆಲಸ ಶುರು ಮಾಡಿದಾಗಿನಿಂದ ಗಣಿಯ ಕಲ್ಲನ್ನು ಮೇಲೆ ತಂದು, ಹಿಟ್ಟಿನ ಹಾಗೆ ಪುಡಿ ಮಾಡಿ, ಚಿನ್ನ ತೆಗೆದುಕೊಂಡು, ಉಳಿದದ್ದನ್ನು ಹೊರಗೆ ಸುರಿದರು. ಆ ಉಳಿದದ್ದೇ ಈ ಗುಡ್ಡ.

ಮೊದಲು ಪುಡಿಯಲ್ಲಿದ್ದ ಚಿನ್ನ ಹಿಡಿಯೋಕೆ ಪಾದರಸ ಬಳಸ್ತಿದ್ದರು. ತುಂಬಾ ಸಣ್ಣ ಕಣಗಳು ಮಾತ್ರ ತಪ್ಪಿಸಿಕೊಳ್ತಿದ್ದವು. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜಾನ್ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಎಂಬ ಇಬ್ಬರು ಡಾಕ್ಟರ್ ಅಣ್ಣತಮ್ಮಂದಿರು ಹೊಸ ದಾರಿ ಕಂಡುಹಿಡಿದರು. ಸೈನೈಡ್ ಬೆರೆಸಿದ ತೀರಾ ತೆಳು ನೀರನ್ನು ಪುಡಿ ಮೇಲೆ ಹಾಯಿಸಿದರೆ, ಗಾಳಿಯ ಆಮ್ಲಜನಕದ ಜೊತೆ ಸೇರಿ ಅದು ಚಿನ್ನವನ್ನೇ ಕರಗಿಸುತ್ತೆ! ಆಮೇಲೆ ಸತು ಹಾಕಿದರೆ ಚಿನ್ನ ಮತ್ತೆ ಬೇರೆಯಾಗುತ್ತೆ. ಆ ನೀರಿಗೆ ಸುಣ್ಣವನ್ನೂ ಸೇರಿಸಬೇಕಿತ್ತು, ಇಲ್ಲದಿದ್ದರೆ ಸೈನೈಡ್ ವಿಷದ ಗಾಳಿಯಾಗಿ ಮೇಲೇಳುತ್ತೆ. ಈ ವಿಧಾನ ಮುಂದೆ ನಮ್ಮೂರಿಗೂ ಬಂತು, ಗುಡ್ಡಕ್ಕೆ ಹೆಸರನ್ನೂ ಕೊಡ್ತು.

ಸೈನೈಡ್ ವಿಷ ಯಾಕೆ ಗೊತ್ತಾ? ಅದಕ್ಕೆ ಲೋಹ ಕಂಡರೆ ಬಿಡೋಕಾಗಲ್ಲ. ಕಲ್ಲಿನಲ್ಲಿ ಚಿನ್ನ ಹಿಡಿಯುತ್ತೆ. ನಮ್ಮ ಮೈಯಲ್ಲಿ, ಜೀವಕೋಶದ ಒಂದು ಕಿಣ್ವದಲ್ಲಿರೋ ಕಬ್ಬಿಣ ಹಿಡಿಯುತ್ತೆ. ಆಗ ರಕ್ತದಲ್ಲಿ ಆಮ್ಲಜನಕ ಇದ್ದರೂ ಕೋಶಕ್ಕೆ ಅದನ್ನು ಬಳಸೋಕಾಗಲ್ಲ. ಉಸಿರಾಡ್ತಾ ಇರೋವಾಗಲೇ ಉಸಿರು ಕಟ್ಟಿದ ಹಾಗೆ. ಚಿನ್ನ ಕೊಟ್ಟ ಗುಣವೂ, ಜೀವ ತೆಗೆಯೋ ಗುಣವೂ ಒಂದೇ.

ಈಗ ನೆಂಟರ ಪ್ರಶ್ನೆಗೆ ಬರೋಣ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಬಿಸಿಲು, ಗಾಳಿಗೆ ಸೈನೈಡ್ ನಿಧಾನವಾಗಿ ಒಡೆದು ಹೋಗುತ್ತೆ. ಗುಡ್ಡ ಉಳಿಯುತ್ತೆ, ದೂಳು ಉಳಿಯುತ್ತೆ. ಅದು ನುಣ್ಣಗೆ ಅರೆದ ಕಲ್ಲು, ಅದರಲ್ಲಿ ಸಿಲಿಕಾ ಇದೆ. ಗಣಿಯೊಳಗೆ ಕಲ್ಲು ಕೊರೆದವರ ಶ್ವಾಸಕೋಶ ಹಾಳುಮಾಡಿದ ಸಿಲಿಕೋಸಿಸ್ ಬಂದಿದ್ದು ಸಿಲಿಕಾ ದೂಳಿನಿಂದಲೇ. ಆಷಾಢದ ಗಾಳಿ ಎದ್ದಾಗ ಗುಡ್ಡದ ಪುಡಿ ಒಣಗಿಹಾಕಿದ ಬಟ್ಟೆ ಮೇಲೆ, ತಟ್ಟೆಯ ಅನ್ನದ ಮೇಲೆ ಬಂದು ಕೂರುತ್ತೆ. ನಾವು ಹೆಸರಿಗೆ ಹೆದರಿದೆವು, ದೂಳನ್ನು ಅಭ್ಯಾಸ ಮಾಡಿಕೊಂಡೆವು.

ಬಿಕಾಂ ಓದೋಳಿಗೆ ಲೆಕ್ಕ ಬಿಡೋಕಾಗಲ್ಲ. 120 ವರ್ಷದಲ್ಲಿ ಇಲ್ಲಿಂದ ಹೋದ ಚಿನ್ನ ಸುಮಾರು 800 ಟನ್. ಇಲ್ಲೇ ಉಳಿದ ಪುಡಿ ಸುಮಾರು 3 ಕೋಟಿ 30 ಲಕ್ಷ ಟನ್. ಭಾಗಿಸಿ ನೋಡಿ: 10 ಗ್ರಾಂ ಚಿನ್ನಕ್ಕೆ 400 ಕೆಜಿಗೂ ಹೆಚ್ಚು ಪುಡಿ. ಚಿನ್ನ ಯಾರದೋ ಖಾತೆಗೆ ಜಮಾ ಆಯ್ತು. ಪುಡಿ ಯಾರ ಖಾತೆಗೆ?

ಈಗ ಇದು ಬರೀ ಹಳೇ ಕಥೆಯೂ ಅಲ್ಲ. ಈ 13 ಗುಡ್ಡಗಳಲ್ಲಿ ಉಳಿದಿರೋ ಚಿನ್ನ ತೆಗೆಯೋ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಕೆಲಸ ಬಂದರೆ ಸಂತೋಷವೇ. ಆದ್ರೆ ಗುಡ್ಡ ಅಗೆದರೆ ದೂಳು ಏಳುತ್ತೆ. ನೀರು ಚಿಮುಕಿಸೋದು ಯಾರು? ಉಳಿದ ಪುಡಿ ಮತ್ತೆ ಎಲ್ಲಿಗೆ ಹೋಗುತ್ತೆ? ಈ ಸಲ ಮೊದಲೇ ಕೇಳಿ ಇಟ್ಟುಕೊಳ್ಳೋಣ.

ಅಲ್ಲಿವರೆಗೂ ಒಂದು ಮಾತು: ರೀಲ್ಸ್‌ಗೆ ಅಂತ ಗುಡ್ಡ ಹತ್ತಬೇಡಿ, ಮಕ್ಕಳನ್ನ ಜಾರುಬಂಡೆ ಆಡೋಕೆ ಬಿಡಬೇಡಿ, ಅಲ್ಲಿ ನಿಂತ ನೀರು ಮುಟ್ಟಬೇಡಿ.

ನಿಮ್ಮ ತಾತ, ಅಪ್ಪ ಗಣಿಯಲ್ಲಿ ದುಡಿದಿದ್ರೆ ಅವರು ಹೇಳಿದ್ದನ್ನ ಕಾಮೆಂಟಲ್ಲಿ ಬರೀರಿ. ಮುಂದಿನ ಭಾಗ: ಕೋಲಾರದ ಬೋರ್‌ವೆಲ್ ನೀರಿನಲ್ಲಿರೋ ಫ್ಲೋರೈಡ್.

#ನಮ್ಮೂರಕಥೆ #ಕೆಜಿಎಫ್ #ಆಂಡರ್ಸನ್‌ಪೇಟೆ