ಹಳೆಯ ಪತ್ರಿಕೆಯೇ ಹಬ್ಬದ ಸರಪಳಿಯಾದಾಗ

ಹಬ್ಬ ಮುಗಿದ ಮೇಲೆ ಅಲಂಕಾರದ ಸಾಮಾನುಗಳು ಡಬ್ಬ ಸೇರಿ ಅಟ್ಟಕ್ಕೇರುತ್ತವೆ. ಮರುವರ್ಷ ಇಳಿಸಿ ನೋಡಿದರೆ ಬಣ್ಣ ಮಾಸಿರುತ್ತದೆ, ಬೇಗಡೆ ಉದುರಿರುತ್ತದೆ, ಕಾಗದ ಹರಿದಿರುತ್ತದೆ. ಪೇಟೆಯಿಂದ ಹೊಸದನ್ನು ತಂದರಾಯಿತು ಎನ್ನುತ್ತೇವೆ. ಪೇಟೆಯಲ್ಲೂ ಸಿಗದಿದ್ದರೆ? ಎರಡನೇ ಮಹಾಯುದ್ಧದ (1939-45) ಕಾಲದಲ್ಲಿ ಕ್ರಿಸ್‌ಮಸ್ ಬಂದಾಗ ಬ್ರಿಟನ್ನಿನ ಸಾಮಾನ್ಯ ಕುಟುಂಬಗಳಿಗೆ ಎದುರಾದ ಪ್ರಶ್ನೆ ಇದು.

ಕ್ರಿಸ್‌ಮಸ್ ಮರದ ಪದ್ಧತಿ ಬ್ರಿಟನ್ನಿನಲ್ಲಿ ಜನಪ್ರಿಯವಾದದ್ದು 19ನೇ ಶತಮಾನದಲ್ಲಿ. ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಅನೇಕರು ಅದನ್ನು ಅನುಸರಿಸಿದರು. ಮರಕ್ಕೆ ತೂಗುಹಾಕುವ ಗಾಜಿನ ಗುಂಡುಗಳಿಗೆ ಜರ್ಮನಿಯ ಲೌಶಾ ಎಂಬ ಊರು ಪ್ರಸಿದ್ಧ. ಅಲ್ಲಿನ ಕುಶಲಕರ್ಮಿಗಳು ಬಿಸಿ ಗಾಜನ್ನು ಊದಿ ಉಬ್ಬಿಸಿ, ಒಳಗೆ ಬೆಳ್ಳಿಯ ಲೇಪ ಕೊಡುತ್ತಿದ್ದರು. 1939ರಲ್ಲಿ ಯುದ್ಧ ಶುರುವಾದೊಡನೆ ಲೌಶಾ ಶತ್ರು ದೇಶದ ಊರಾಯಿತು. ಸರಕು ಬರುವುದು ನಿಂತಿತು.

ಕಾಗದದ ಅಲಂಕಾರವಾದರೂ ಇದೆಯಲ್ಲ ಎಂದರೆ ಅದಕ್ಕೂ ಕುತ್ತು ಬಂತು. ಬ್ರಿಟನ್ನಿಗೆ ಕಾಗದದ ತಿರುಳು ಬರುತ್ತಿದ್ದುದು ಬಹುಮಟ್ಟಿಗೆ ಉತ್ತರ ಯೂರೋಪಿನಿಂದ. 1940ರ ಏಪ್ರಿಲ್‌ನಲ್ಲಿ ಜರ್ಮನಿ ನಾರ್ವೆಯ ಮೇಲೆ ದಾಳಿ ಮಾಡಿದ ಮೇಲೆ ಆ ದಾರಿ ಮುಚ್ಚಿತು. ಹಲವು ದಿನಪತ್ರಿಕೆಗಳು ನಾಲ್ಕೇ ಪುಟಕ್ಕೆ ಇಳಿದವು. 1941ರ ಡಿಸೆಂಬರ್‌ನಲ್ಲಿ, ಆಹಾರ ಪದಾರ್ಥ ಮತ್ತು ಮನೆಗೆ ತಲುಪಿಸುವ ಸರಕು ಬಿಟ್ಟು ಬೇರಾವುದಕ್ಕೂ ಅಂಗಡಿಯವರು ಕಾಗದ ಸುತ್ತಿ ಕೊಡಬಾರದೆಂದು ಆದೇಶವಾಯಿತು. ಮರುವರ್ಷ ಕಾಗದವನ್ನು ಸುಡುವುದು, ಎಸೆಯುವುದು ಕೂಡ ಅಪರಾಧವೆನಿಸಿತು.

ಹಾಗೆಂದು ಜನ ಹಬ್ಬವನ್ನು ಬಿಡಲಿಲ್ಲ. ಯುದ್ಧಕ್ಕೆ ಮುಂಚಿನ ಹಳೆಯ ಅಲಂಕಾರಗಳನ್ನೇ ತೆಗೆದು ಮತ್ತೆ ಕಟ್ಟಿದರು. ಓದಿ ಮುಗಿಸಿದ ಪತ್ರಿಕೆಯನ್ನು ಉದ್ದನೆಯ ಪಟ್ಟಿಗಳಾಗಿ ಕತ್ತರಿಸಿ, ಬಣ್ಣ ಬಳಿದು, ಒಂದು ಬಳೆಯೊಳಗೆ ಇನ್ನೊಂದು ಬಳೆ ಸೇರಿಸಿ ಅಂಟಿಸಿದರೆ ಸರಪಳಿ ಸಿದ್ಧ. ಬಾಂಬಿನ ಸುದ್ದಿ ಹೊತ್ತು ಬಂದ ಹಾಳೆಯೇ ಹೀಗೆ ಹಬ್ಬದ ತೋರಣವಾಯಿತು.

ಸರ್ಕಾರದ ಆಹಾರ ಇಲಾಖೆಯೂ ಒಂದು ಉಪಾಯ ಹೇಳಿಕೊಟ್ಟಿತು. ಹಬ್ಬದ ಪುಡಿಂಗ್ ಮೇಲೆ ಸಿಕ್ಕಿಸುವ ಹಸಿರು ಕಡ್ಡಿಗಳನ್ನು ಎಪ್ಸಮ್ ಉಪ್ಪು ಕರಗಿಸಿದ ಗಟ್ಟಿ ನೀರಿನಲ್ಲಿ ಅದ್ದಿ ಒಣಗಿಸಬೇಕು. ನೀರು ಆರಿದಂತೆ ಉಪ್ಪು ಹರಳುಗಟ್ಟಿ, ಎಲೆಯ ಮೇಲೆ ಹಿಮ ಕೂತಂತೆ ಹೊಳೆಯುತ್ತದೆ. ಔಷಧಿಗೆಂದು ಮನೆಯಲ್ಲಿಡುತ್ತಿದ್ದ ಉಪ್ಪಿಗೆ ಇಂಥ ಉಪಯೋಗವೂ ಇತ್ತು.

ಈ ಸಂಭ್ರಮವೆಲ್ಲ ಕಪ್ಪು ಪರದೆಯ ಹಿಂದೆ. ಶತ್ರು ವಿಮಾನಗಳಿಗೆ ಗುರುತು ಸಿಗದಿರಲೆಂದು 1939ರ ಸೆಪ್ಟೆಂಬರ್‌ನಿಂದಲೇ ಹೊರಗೆ ಬೆಳಕು ಬೀಳದಂತೆ ಕಿಟಕಿ ಮುಚ್ಚಬೇಕಿತ್ತು. 1940ರ ಡಿಸೆಂಬರ್‌ನಲ್ಲಿ ಲಂಡನ್ನಿನ ಸಾವಿರಾರು ಜನ ರಾತ್ರಿ ಕಳೆದದ್ದು ನೆಲದಡಿಯ ರೈಲು ನಿಲ್ದಾಣಗಳಲ್ಲಿ. ಅಲ್ಲಿಯೂ ತೋರಣ ಕಟ್ಟಿದರು. ಕ್ರಿಸ್‌ಮಸ್ ಕಳೆದ ನಾಲ್ಕೇ ದಿನಕ್ಕೆ, ಡಿಸೆಂಬರ್ 29ರ ರಾತ್ರಿ, ಬೆಂಕಿಬಾಂಬುಗಳ ಭಾರಿ ದಾಳಿಗೆ ನಗರ ಹೊತ್ತಿ ಉರಿಯಿತು.

ಕಾರ್ಖಾನೆಗಳು ತುಂಬಿದ್ದ ಅಮೆರಿಕಕ್ಕೂ ಕೊರತೆ ತಟ್ಟದಿರಲಿಲ್ಲ. ಆಮದು ವ್ಯಾಪಾರಿ ಮ್ಯಾಕ್ಸ್ ಎಕಾರ್ಟ್ ಯುದ್ಧವನ್ನು ಮುಂಗಂಡು, ವಿದ್ಯುತ್ ಬಲ್ಬಿನ ಗಾಜು ತಯಾರಿಸುತ್ತಿದ್ದ ಕಾರ್ನಿಂಗ್ ಕಂಪನಿಯ ಯಂತ್ರದಲ್ಲೇ ಕ್ರಿಸ್‌ಮಸ್ ಗುಂಡುಗಳನ್ನು ಮಾಡಿಸಿದ್ದ. ಆದರೆ ಯುದ್ಧ ಬಲಿತಂತೆ ಒಳಗಿನ ಬೆಳ್ಳಿ ಲೇಪ ನಿಂತಿತು; ಲೋಹದ ಮುಚ್ಚಳದ ಜಾಗಕ್ಕೆ ರಟ್ಟಿನ ಮುಚ್ಚಳ ಬಂತು. ಪಾರದರ್ಶಕ ಗಾಜಿನ ಮೇಲೆ ತೆಳುವಾದ ಬಣ್ಣದ ಗೆರೆಗಳಷ್ಟೇ ಉಳಿದವು. ಇಂದು ಹಳೆಯ ವಸ್ತುಗಳ ಸಂಗ್ರಾಹಕರು ಹುಡುಕಿ ಕೊಳ್ಳುವ ಗುಂಡುಗಳಲ್ಲಿ ಈ ಬಡ ಗುಂಡುಗಳೂ ಸೇರಿವೆ.

1945ರಲ್ಲಿ ಯುದ್ಧ ಮುಗಿದರೂ ಬ್ರಿಟನ್ನಿನಲ್ಲಿ ಆಹಾರದ ಪಡಿತರ ಪೂರ್ತಿ ಕೊನೆಗೊಂಡದ್ದು 1954ರಲ್ಲಿ.  ಈ ಬಾರಿ ಅಟ್ಟದ ಡಬ್ಬ ಇಳಿಸಿದಾಗ, ಎಸೆಯುವ ಮುನ್ನ ಕತ್ತರಿ, ಗೋಂದು, ಸ್ವಲ್ಪ ಬಣ್ಣ ಹತ್ತಿರವಿಟ್ಟುಕೊಂಡು ನೋಡಬಹುದು. ಪಟ್ಟಿ ಕತ್ತರಿಸಲು ಹಳೆಯ ಪತ್ರಿಕೆ ಮನೆಯಲ್ಲೇ ಇದ್ದೀತು.