ಹಾಪ್‌ಕಾಮ್ಸ್ ಅಂಗಡಿಯ ನೀಲಿ ದ್ರಾಕ್ಷಿ

ಫೆಬ್ರವರಿ ಕಳೆದು ಬಿಸಿಲು ಚುರುಕಾಗೋ ಹೊತ್ತಿಗೆ ನಮ್ಮ ಬಡಾವಣೆಯ ತಿರುವಿನಲ್ಲಿರೋ ಹಾಪ್‌ಕಾಮ್ಸ್ ಅಂಗಡಿಗೆ ನೀಲಿ ದ್ರಾಕ್ಷಿ ಬರುತ್ತೆ. ಅಂಗಡಿ ಕಣ್ಣಿಗೆ ಬೀಳೋಕೆ ಮುಂಚೆ ವಾಸನೆ ಮೂಗಿಗೆ ಬರುತ್ತೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತ ಉದ್ದನೆಯ, ಬೀಜವಿಲ್ಲದ ದ್ರಾಕ್ಷಿಗೆ ಈ ವಾಸನೆ ಇಲ್ಲ. ಇದು ಗುಂಡಗೆ, ಸಿಪ್ಪೆ ದಪ್ಪ, ಒಳಗೆ ಬೀಜ. ಹಿಸುಕಿದರೆ ತಿರುಳು ಪುಳಕ್ಕಂತ ಬಾಯಿಗೆ ಬೀಳುತ್ತೆ. ಸಿಪ್ಪೆ ಹತ್ತಿರ ಸಿಹಿ, ಬೀಜದ ಹತ್ತಿರ ಹುಳಿ. ಹೆಸರು ಬೆಂಗಳೂರು ಬ್ಲೂ. ಇದರೊಳಗೆ ಅಮೆರಿಕದ ಕಾಡು ದ್ರಾಕ್ಷಿಯ ರಕ್ತ ಇದೆ, ಆ ಘಮ ಅಲ್ಲಿಂದಲೇ ಬಂದದ್ದು ಅಂತಾರೆ ತಿಳಿದವರು. ನಮ್ಮಪ್ಪನಿಗೆ ಮಾತ್ರ ಇದು ದೊಡ್ಡಬಳ್ಳಾಪುರದ ಕಡೆಯ ಕೆಮ್ಮಣ್ಣಿನ ಹಣ್ಣು. ನಮ್ಮ ಅರ್ಧ ಎಕರೆಯ ಚಪ್ಪರದ ಕಲ್ಲುಕೂಚಗಳು ಈಗಲೂ ನಿಂತಿವೆ, ಬಳ್ಳಿ ಇಲ್ಲ.

ಮೊನ್ನೆ ನನ್ನ ಮುಂದೆ ನಿಂತಿದ್ದ ಹುಡುಗಿಯೊಬ್ಬಳು "ಅಣ್ಣಾ, ಇದು ಗೌರ್ಮೆಂಟ್ ಅಂಗಡೀನಾ?" ಅಂತ ಕೇಳಿದಳು. ತೂಕ ಹಾಕ್ತಿದ್ದವರು "ಹೂಂ ಮೇಡಂ, ಹಂಗೇ ಅನ್ಕೊಳ್ಳಿ" ಅಂದರು.

ಹಂಗೇ ಅನ್ಕೊಂಡು ಅನ್ಕೊಂಡೇ ನಾವು ಅದರ ಪೂರ್ತಿ ಹೆಸರು ಮರೆತಿದ್ದೀವಿ. ಬೋರ್ಡಿನಲ್ಲಿರೋ ಅಷ್ಟುದ್ದದ ಇಂಗ್ಲಿಷ್ ಹೆಸರನ್ನ ಬಿಡಿಸಿದರೆ ಸಿಗೋದು ತೋಟಗಾರಿಕೆ ಬೆಳೆಗಾರರ ಸಹಕಾರ ಮಾರಾಟ ಮತ್ತು ಸಂಸ್ಕರಣಾ ಸಂಘ. ಸರ್ಕಾರದ ಕೈ ಇದೆ, ಮೇಲೆ ಕೂರೋ ಅಧಿಕಾರಿಯೂ ಸರ್ಕಾರದ ಕಡೆಯವರೇ. ಆದರೆ ಷೇರು ಹಣ ಕಟ್ಟಿ ಸದಸ್ಯರಾದವರು ರೈತರು. ಇನ್ನೊಂದು ವಿಷಯ ಅಲ್ಲಿ ತರಕಾರಿ ಆರಿಸೋ ಎಷ್ಟು ಜನಕ್ಕೆ ಗೊತ್ತೋ ಕಾಣೆ. 1959ರಲ್ಲಿ ಶುರುವಾದಾಗ ಇದರ ಹೆಸರು ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ. ಬೀನ್ಸು, ಬದನೆಕಾಯಿ, ಬಾಳೆಹಣ್ಣು ಎಲ್ಲ ಆಮೇಲೆ ಬಂದವು. ಮೊದಲು ಇದ್ದದ್ದು ದ್ರಾಕ್ಷಿ.

ದ್ರಾಕ್ಷಿಯೇ ಯಾಕೆ? ಬೆಳೆದವರಿಗೆ ಇದು ಪ್ರಶ್ನೆಯೇ ಅಲ್ಲ. ರಾಗಿ ಬೆಳೆದವನು ರೇಟು ಇಲ್ಲ ಅಂದ್ರೆ ಕಣಜಕ್ಕೆ ಸುರಿದು ಬಾಗಿಲು ಹಾಕ್ಕೊಂಡು ಮಲಗಬಹುದು. ಗೊನೆ ಕಿತ್ತ ದ್ರಾಕ್ಷಿಗೆ ಆ ಸೌಕರ್ಯ ಇಲ್ಲ. ಇವತ್ತು ಕಿತ್ತದ್ದು ನಾಳೆ ಕಾಳು ಉದುರುತ್ತೆ, ನಾಡಿದ್ದು ಕುಕ್ಕೆ ತಳದಲ್ಲಿ ರಸ. ಹಣ್ಣು ಮಾಗೋ ದಿನ ಗೊತ್ತಿರೋ ವ್ಯಾಪಾರಿಗೆ ಸುಮ್ಮನೆ ಕಾದರೆ ಸಾಕು. ಬೆಳೆದವನಿಗೆ ಕಾಯೋಕೆ ಆಗಲ್ಲ. ಆಟದ ಅರ್ಧ ಅಲ್ಲೇ ಮುಗೀತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮಲ್ಲಿ ಸಹಕಾರ ಅನ್ನೋದು ಹುಟ್ಟಿದ್ದು ಮಾರೋದಕ್ಕಲ್ಲ, ಸಾಲಕ್ಕೆ. 1904ರಲ್ಲಿ ಬ್ರಿಟಿಷರು ಮಾಡಿದ ಕಾನೂನಿನ ಹೆಸರೇ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ. ಮರುವರ್ಷವೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನ ಸೇರಿಸಿ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ರೈತನನ್ನ ಬಿಡಿಸಬೇಕು ಅನ್ನೋದು ಉದ್ದೇಶ. ಒಳ್ಳೇದೇ. ಆದರೆ ಬೆಳೆದದ್ದನ್ನ ಎಲ್ಲಿ ಮಾರೋದು? ಆ ಕಾನೂನು ಅದರ ಗೋಜಿಗೇ ಹೋಗಲಿಲ್ಲ. ಸಾಲ ಬಿಟ್ಟು ಬೇರೆ ಕೆಲಸಕ್ಕೂ ಸಂಘ ಕಟ್ಟಬಹುದು ಅಂತ ಆದದ್ದು 1912ರ ಕಾಯ್ದೆಯಲ್ಲಿ. ಕಾನೂನು ಬಂತು ಅಂತ ಹಣ್ಣು ತರಕಾರಿ ಮಾರೋ ಸಂಘ ಹುಟ್ಟಿಬಿಡಲಿಲ್ಲ. ಬೆಂಗಳೂರಿನ ದ್ರಾಕ್ಷಿಯವರು ಅದಕ್ಕೆ ಇನ್ನೂ 47 ವರ್ಷ ಕಾದರು.

ಕೊನೆಗೆ ಅದನ್ನ ಆಗುಮಾಡಿದ್ದು ಡಾ. ಎಂ. ಎಚ್. ಮರಿಗೌಡರು. ಬನ್ನೂರು ಕಡೆಯ ಹಳ್ಳಿಯಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಮಾಡಿ, ವಾಪಸು ಬಂದು ಲಾಲ್‌ಬಾಗಿನಲ್ಲಿ ಕೂತವರು. ಮುಂದೆ ತೋಟಗಾರಿಕೆ ಇಲಾಖೆಯ ನಿರ್ದೇಶಕರಾದರು. ಲಾಲ್‌ಬಾಗ್ ಅಂದರೆ ನಮಗೆ ಗಾಜಿನಮನೆ, ಫಲಪುಷ್ಪ ಪ್ರದರ್ಶನ. ಅವರ ತಲೆಯಲ್ಲಿದ್ದದ್ದು ಬೇರೆ ನಕ್ಷೆ. ಇಲಾಖೆ ಕಲಿಸಬೇಕು, ನರ್ಸರಿಯವರ ಸಹಕಾರ ಸಂಘ ಒಳ್ಳೇ ಸಸಿ ಕೊಡಬೇಕು, ತೋಟಗಾರಿಕಾ ಸಂಘ ಜನರಿಗೆ ಆಸೆ ಹುಟ್ಟಿಸಬೇಕು, ಬೆಳೆಗಾರರ ಸಂಘ ಮಾರಬೇಕು. ನಾಲ್ಕರಲ್ಲಿ ಒಂದು ಬಿದ್ದರೂ ಉಳಿದ ಮೂರು ಕುಂಟುತ್ತವೆ. ನಮ್ಮ ಆಫೀಸಲ್ಲಿ ಇಂಥದ್ದನ್ನ ಬೋರ್ಡಿನ ಮೇಲೆ ಚೌಕ ಚೌಕ ಬರೆದು ಬಾಣ ಎಳೆದು ಆರ್ಕಿಟೆಕ್ಚರ್ ಅಂತ ಕರೀತೀವಿ. ಹಾಪ್‌ಕಾಮ್ಸ್ ಮುಖ್ಯ ಕಚೇರಿ ಲಾಲ್‌ಬಾಗಿನ ಆವರಣದಲ್ಲೇ ಇರೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಇಷ್ಟು ಒಳ್ಳೇ ವ್ಯವಸ್ಥೆ ಇದ್ದೂ ನಮ್ಮಪ್ಪ ಮಂಡಿಗೆ ಯಾಕೆ ಹೋಗ್ತಿದ್ದರು?

ಚಿಕ್ಕವನಿದ್ದಾಗ ನಾನೂ ಟೆಂಪೋ ಹಿಂದೆ ಕುಕ್ಕೆಗಳ ಮಧ್ಯೆ ಕೂತು ಹೋಗಿದ್ದೀನಿ. ಬೆಳಗಿನ ಜಾವ, ಕಿರುಚಾಟ, ಕಾಲ ಕೆಳಗೆ ಕೊಳೆತ ಸೊಪ್ಪು. ತೂಕದಲ್ಲಿ ಒಂದಿಷ್ಟು "ಸೂಟು" ಅಂತ ಕಳೀತಿದ್ದರು, ಒಂದಿಷ್ಟು "ಸ್ಯಾಂಪಲ್" ಅಂತ ಎತ್ತಿಡ್ತಿದ್ದರು. ಕಾನೂನಿನ ಪ್ರಕಾರ ಕಮಿಷನ್ ಕೊಡಬೇಕಾದವನು ಕೊಳ್ಳೋನು. ಅಪ್ಪನ ಕೈಗೆ ಬರ್ತಿದ್ದ ಬಿಳಿ ಚೀಟಿಯಲ್ಲಿ ಅದೂ ಅಪ್ಪನ ಲೆಕ್ಕದಲ್ಲೇ ಕಳೆದಿರ್ತಿತ್ತು. ಬುದ್ಧಿ ಬಂದ ಮೇಲೆ ನಾನು ರೇಗಿದ್ದೆ, "ಸೊಸೈಟಿಗೆ ಹಾಕಪ್ಪ, ಕಮಿಷನ್ ಇಲ್ಲ, ತೂಕ ಸರಿಯಾಗಿರುತ್ತೆ" ಅಂತ. ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡು, "ನಿನ್ ಫೀಸ್ ಯಾರ್ ಕೊಟ್ರು ಅನ್ಕೊಂಡಿದೀಯ?" ಅಂದರು.

ಬಿ.ಇ. ಮೊದಲನೇ ವರ್ಷದ ಫೀಸು ಮಂಡಿಯವರ ಮುಂಗಡ. ಅಕ್ಕನ ಮದುವೆಗೂ ಅವರೇ. ಜಾಮೀನು, ಪಹಣಿ ಏನೂ ಕೇಳದೆ ರಾತ್ರಿ ಹತ್ತು ಗಂಟೆಗೆ ಹೋದರೂ ದುಡ್ಡು ಎಣಿಸಿಕೊಡ್ತಿದ್ದರು. ಆ ಮೇಲೆ ಮಾಲು ಇನ್ನೆಲ್ಲಿಗೆ ಹೋಗುತ್ತೆ?

ಈ ವಿಷಯ ನನಗೆ ಅರ್ಥವಾಗೋಕೆ ಬಹಳ ವರ್ಷ ಹಿಡೀತು. 1904ರ ಕಾನೂನು ಸಾಲವನ್ನ ಹಿಡೀತು, 1959ರ ಸಂಘ ಮಾರಾಟವನ್ನ ಹಿಡೀತು. ಮಂಡಿಯವರು ಎರಡನ್ನೂ ಒಂದೇ ಗದ್ದುಗೆ ಮೇಲೆ ಕೂತು ಮಾಡ್ತಿದ್ದರು. ಸೊಸೈಟಿಯ ಸಾಲ ಒಂದು ಕಡೆ, ಹಣ್ಣು ಕೊಳ್ಳೋ ಸಂಘ ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ಅರ್ಜಿ. ರೈತನ ಕಷ್ಟ ಹಂಗೆ ಎರಡು ಕೌಂಟರಿಗೆ ಹಂಚಿಕೊಂಡು ಬರಲ್ಲ.

ಹಾಲು ಗೆದ್ದಿತಲ್ಲ, ತರಕಾರಿ ಯಾಕೆ ಅಷ್ಟು ಗೆಲ್ಲಲಿಲ್ಲ ಅಂತ ಯಾರಾದರೂ ಕೇಳಬಹುದು. ನಮ್ಮೂರಲ್ಲೂ ಡೈರಿ ಇದೆ, ಬೆಳಿಗ್ಗೆ ಸಂಜೆ ಕ್ಯಾನ್ ಹಿಡ್ಕೊಂಡು ಜನ ನಿಲ್ತಾರೆ. ನೋಡಿ, ಹಾಲು ಒಂದೇ ಸರಕು. ಕೊಬ್ಬು ಇಷ್ಟು ಅಂತ ಯಂತ್ರ ಹೇಳುತ್ತೆ, ಜಗಳ ಇಲ್ಲ. ಹೆಚ್ಚಾದರೆ ಪುಡಿ ಮಾಡಿ ಇಡಬಹುದು. ತರಕಾರಿ ಹತ್ತಾರು ಥರ, ಪ್ರತಿಯೊಂದಕ್ಕೂ ದಿನಾ ಬೇರೆ ರೇಟು. ಗುಣ ಅಳೆಯೋದು ಕಣ್ಣು. ಹೆಚ್ಚಾದ ಹುರುಳಿಕಾಯಿ ಪುಡಿ ಮಾಡ್ತೀರಾ? ದ್ರಾಕ್ಷಿಯನ್ನಾದರೂ ಜ್ಯೂಸ್ ಮಾಡಬಹುದು. ಸಂಘದ ಹೆಸರಲ್ಲಿ ಸಂಸ್ಕರಣೆ ಅನ್ನೋ ಪದ ಸೇರಿದ್ದು ಸುಮ್ಮನೆ ಅಲ್ಲ.

ಇದೆಲ್ಲದರ ಮಧ್ಯೆ ಅರವತ್ತು ವರ್ಷ ದಾಟಿದ ಸಂಘ ಇದು. ಈಗ ಅದರ ಸುತ್ತ ಮಾಲ್‌ಗಳಿವೆ, ಹತ್ತು ನಿಮಿಷದಲ್ಲಿ ಕೊತ್ತಂಬರಿ ತರ್ತೀವಿ ಅನ್ನೋ ಆ್ಯಪ್‌ಗಳಿವೆ. ಅಂಥ ಆ್ಯಪ್‌ಗಳಿಗೆ ಕೋಡ್ ಬರೆಯೋ ಜಾತಿಯವನೇ ನಾನೂ, ಸೋಮಾರಿ ದಿನಗಳಲ್ಲಿ ಗಿರಾಕಿಯೂ ಹೌದು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಿದ್ದಾಗ ಚಪ್ಪರದಲ್ಲಿ ಹಣ್ಣು ತುಂಬಿತ್ತು. ಆಗ ಹಾಪ್‌ಕಾಮ್ಸ್ ಗಾಡಿಗಳು ಬಡಾವಣೆಗಳಿಗೆ ಬಂದವು. ಮಾಸ್ಕ್ ಹಾಕ್ಕೊಂಡು ದೂರ ದೂರ ನಿಂತು ಜನ ದ್ರಾಕ್ಷಿ ಕೊಂಡರು. ಒಬ್ಬರಿಗೊಬ್ಬರು ಕಾಯಲಾಗದವರು ಅವತ್ತು ಎರಡೂ ಕಡೆ ಇದ್ದರು.

ಹೋದ ತಿಂಗಳು ಅಪ್ಪ ಬಂದಿದ್ದಾಗ ಅಂಗಡಿಗೆ ಕರ್ಕೊಂಡು ಹೋದೆ. ರೇಟಿನ ಬೋರ್ಡನ್ನ ಮೇಲಿಂದ ಕೆಳಗಿನವರೆಗೂ, ಪರೀಕ್ಷೆ ರಿಸಲ್ಟ್ ನೋಡೋ ಹಾಗೆ ನೋಡಿದರು. ಆಮೇಲೆ ತೂಕದವರನ್ನ ಕೇಳಿದ್ದು ಮಾರೋ ರೇಟಲ್ಲ. "ರೈತನಿಗೆ ಎಷ್ಟು ಕೊಟ್ರಿ ಸ್ವಾಮಿ ಇವತ್ತು?"

ಅವರು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಹೇಳಿದರು. ಅಪ್ಪ ಬೆರಳು ಮಡಿಚಿ ಲೆಕ್ಕ ಹಾಕಿದರು. ಕುಕ್ಕೆಯ ಬದಿಯಲ್ಲಿ ಉದುರಿದ್ದ ಒಂದು ಕಾಳು ಎತ್ತಿ ಬಾಯಿಗೆ ಹಾಕ್ಕೊಂಡು, ಬೀಜ ಅಂಗೈಗೆ ಉಗಿದು, "ಇನ್ನೆರಡು ದಿನ ಬಿಟ್ಟು ಕೀಳಬೇಕಿತ್ತು" ಅಂದರು. ಎರಡು ಕೆಜಿ ತಗೊಂಡ್ವಿ.