ಶೇಕಡಾ ನಲವತ್ತು

ನಮ್ಮಪ್ಪ ಹುಣಸೆ ಮರದಿಂದ ಬಿದ್ದದ್ದು ಗೌಡರ ಹೊಲದಲ್ಲಿ. ಮರ ಗೌಡರದು, ಹಣ್ಣು ಗೌಡರದು, ಮುರಿದ ಕಾಲು ಮಾತ್ರ ನಮ್ಮಪ್ಪನದು. ನಾಟಿ ವೈದ್ಯರು ಬಿದಿರು ದಬ್ಬೆ ಕಟ್ಟಿದರು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಅವತ್ತಿಂದ ಊರಿನವರ ಬಾಯಲ್ಲಿ ನಮ್ಮಪ್ಪನ ಹೆಸರು ಹೋಗಿ 'ಕುಂಟ' ಅನ್ನೋದು ಉಳಿಯಿತು.

ಊರು ನೋಡಿದ ಕೂಡಲೇ ಕೊಟ್ಟ ಈ ಬಿರುದನ್ನು ಸರ್ಕಾರದಿಂದ ಬರೆಸಿಕೊಳ್ಳೋಕೆ ನಮಗೆ ವರ್ಷಗಳೇ ಬೇಕಾದವು. ಆಸ್ಪತ್ರೆಯಲ್ಲಿ ಡಾಕ್ಟರು ಕಾಲು ಮಡಚಿಸಿದರು, ಚಾಚಿಸಿದರು, ಬರೆದರು: ಶೇಕಡಾ 35. ಪಿಂಚಣಿಗೆ ಬೇಕಾದದ್ದು 40. ಐದು ಕಮ್ಮಿ. ನಮ್ಮವ್ವ ಕೇಳಿದಳು, 'ಆ ಐದು ಎಲ್ಲಿ ಸಿಕ್ತದೆ ಮಗಾ?' ಡಿಗ್ರಿ ಓದಿದ ನಮಗೆ ಉತ್ತರ ಗೊತ್ತಿರಲಿಲ್ಲ. ಈ ನಲವತ್ತು ಎಲ್ಲಿಂದ ಬಂತು, ನಮ್ಮ ಮೈಯನ್ನು ಯಾರು ಯಾವಾಗಿನಿಂದ ಅಳೆಯುತ್ತಾ ಬಂದರು ಅಂತ ಹುಡುಕುತ್ತಾ ಹೋದೆವು. ಸಿಕ್ಕಿದ್ದನ್ನು ಇಲ್ಲಿ ಇಡುತ್ತಿದ್ದೇವೆ.

ಮೊದಲು ಎಣಿಸಿದವರು ಬ್ರಿಟಿಷರು. 1872ರಿಂದ 1931ರವರೆಗಿನ ಜನಗಣತಿಗಳಲ್ಲಿ ಹುಚ್ಚರು, ಕಿವುಡು-ಮೂಗರು, ಕುರುಡರು, ಕುಷ್ಠರೋಗಿಗಳು ಅಂತ ನಾಲ್ಕು ಕಾಲಮ್ಮು ಇತ್ತು. ನಮ್ಮಪ್ಪನಂಥ ಕುಂಟರಿಗೆ ಅದರಲ್ಲೂ ಜಾಗ ಇರಲಿಲ್ಲ. ಎಣಿಸಿದ್ದು ಅನ್ನ ಹಾಕೋಕಂತೂ ಅಲ್ಲ. 1898ರಲ್ಲಿ ಅವರೇ ಒಂದು ಕುಷ್ಠರೋಗಿಗಳ ಕಾಯಿದೆ ತಂದರು. ದಿಕ್ಕಿಲ್ಲದೆ ಬೀದಿಯಲ್ಲಿ ಬೇಡುವ ಕುಷ್ಠರೋಗಿಯನ್ನು ವಾರಂಟೇ ಇಲ್ಲದೆ ಪೊಲೀಸರು ಹಿಡಿಯಬಹುದಿತ್ತು. ಗಮನಿಸಿ, ಮನೆ-ಮಠ ಇದ್ದ ರೋಗಿಗೆ ಆ ಕಾಯಿದೆ ಇಲ್ಲ, ಬಡ ರೋಗಿಗೆ ಮಾತ್ರ. ಅಪರಾಧ ರೋಗದ್ದೋ ಬಡತನದ್ದೋ? ಈ ಕಾಯಿದೆಯನ್ನು ಪೂರ್ತಿ ತೆಗೆದುಹಾಕಿದ್ದು 2016ರಲ್ಲಿ. ಸ್ವಾತಂತ್ರ್ಯ ಬಂದು 69 ವರ್ಷ ಆಗಿತ್ತು.

1941ಕ್ಕೆ ಎಣಿಕೆ ನಿಂತಿತು. ಸ್ವತಂತ್ರ ಭಾರತದ 1951, 1961, 1971ರ ಜನಗಣತಿಗಳಲ್ಲಿ ಅಂಗವಿಕಲರ ಪ್ರಶ್ನೆಯೇ ಇಲ್ಲ. ವಿಶ್ವಸಂಸ್ಥೆ ಅಂಗವಿಕಲರ ವರ್ಷ ಅಂತ ಸಾರಿದ 1981ರಲ್ಲಿ ಒಮ್ಮೆ ಕೇಳಿದರು, 1991ರಲ್ಲಿ ಮತ್ತೆ ಬಿಟ್ಟರು. 2001ರಿಂದ ಮತ್ತೆ ಶುರುವಾಯಿತು. 2011ರ ಲೆಕ್ಕದಲ್ಲಿ ದೇಶದ ಅಂಗವಿಕಲರು 2.68 ಕೋಟಿ, ಅಂದರೆ ನೂರಕ್ಕೆ 2.21. ಪರಿಶಿಷ್ಟ ಜಾತಿಯವರಲ್ಲಿ ಮಾತ್ರ ನೂರಕ್ಕೆ 2.45. ಯಾಕೆ ಜಾಸ್ತಿ ಅಂತ ಲೆಕ್ಕದ ಪುಸ್ತಕ ಹೇಳೋದಿಲ್ಲ. ನಾವು ಹೇಳಬಲ್ಲೆವು. ಹುಣಸೆ ಮರ ಹತ್ತೋರು ಯಾರು? ಮಲದ ಗುಂಡಿಗೆ ಇಳಿಯೋರು ಯಾರು? ಕಲ್ಲು ಕ್ವಾರಿಯಲ್ಲಿ ಕುಳ ಹಾಕೋರು ಯಾರು? ಬಸುರಿ ಹೆಂಗಸು ಆಸ್ಪತ್ರೆ ಕೊನೆಗೆ ಮುಟ್ಟೋದು ಯಾವ ಕೇರಿಯಿಂದ?

ಮೈಗೆ ಶೇಕಡಾ ಹಚ್ಚೋ ಕೆಲಸ ಶುರುವಾದದ್ದು ಕಾರ್ಖಾನೆಗಳಿಂದ. 1923ರ ಕಾರ್ಮಿಕರ ಪರಿಹಾರ ಕಾಯಿದೆಗೆ ಒಂದು ಪಟ್ಟಿ ಅಂಟಿಸಿದ್ದರು. ಕೈ ಹೋದರೆ ಇಷ್ಟು, ಕಣ್ಣು ಹೋದರೆ ಇಷ್ಟು, ಬೆರಳು ಹೋದರೆ ಇಷ್ಟು. ಮುಂದೆ ತಿದ್ದಿದ ಪಟ್ಟಿಯಲ್ಲಿ ಹೆಬ್ಬೆರಳಿಗೆ ಕಟ್ಟಿದ ಬೆಲೆ ಶೇಕಡಾ 30. ಏಕಲವ್ಯನ ಹೆಬ್ಬೆರಳಿಗೆ ಇಷ್ಟೂ ಸಿಕ್ಕಿರಲಿಲ್ಲ ಅಂತ ನಾವು ನಕ್ಕೆವು. ನಗು ಬೇಗ ನಿಂತಿತು. 1923ರ ಕಾಯಿದೆಯಲ್ಲಿ ಗಣಿ ಇತ್ತು, ರೈಲು ಇತ್ತು, ಗಿರಣಿ ಇತ್ತು. ಗೌಡರ ಹೊಲದಲ್ಲಿ ದುಡಿಯೋ ಕೂಲಿ ಇರಲಿಲ್ಲ. ಜೀತದಾಳು ಮರದಿಂದ ಬಿದ್ದರೆ ಅದು ಅವನ ಹಣೆಬರಹ. ಜೀತವನ್ನು ರದ್ದು ಮಾಡೋ ಕಾಯಿದೆ ಬಂದದ್ದೇ 1976ರಲ್ಲಿ.

ಬಾಬಾಸಾಹೇಬರು ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಸಂವಿಧಾನ ಇದನ್ನು ಮರೆತಿರಲಿಲ್ಲ. ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವಿಕಲತೆಯಲ್ಲಿ ಸಾರ್ವಜನಿಕ ನೆರವು ಪಡೆಯೋ ಹಕ್ಕಿಗೆ ಸರ್ಕಾರ ಏರ್ಪಾಡು ಮಾಡಬೇಕು ಎನ್ನುತ್ತದೆ 41ನೇ ವಿಧಿ. ಆದರೆ ಅದು ನಿರ್ದೇಶಕ ತತ್ವಗಳ ಭಾಗದಲ್ಲಿದೆ. ಈ ತತ್ವಗಳನ್ನು ಕೋರ್ಟಿನಿಂದ ಜಾರಿ ಮಾಡಿಸಲಾಗದು ಎಂದು 37ನೇ ವಿಧಿಯೇ ಹೇಳುತ್ತದೆ. 'ಆರ್ಥಿಕ ಶಕ್ತಿಯ ಮಿತಿಯೊಳಗೆ' ಅನ್ನೋ ಮಾತೂ 41ರಲ್ಲಿ ಸೇರಿದೆ. ಆ ಮಿತಿ ಯಾವಾಗಲೂ ನಮ್ಮ ಕೇರಿಯ ಬಾಗಿಲಲ್ಲೇ ಮುಗಿಯುತ್ತದೆ.

ಹಂದಿಗೋಡಿನ ಕತೆ ಕೇಳಿ. ಸಾಗರ ತಾಲ್ಲೂಕಿನ ಹಳ್ಳಿ ಅದು. 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ ಕಾಗೋಡು ಇರೋದೂ ಅದೇ ತಾಲ್ಲೂಕಿನಲ್ಲಿ. 1970ರ ದಶಕದ ನಡುವಿನಲ್ಲಿ ಹಂದಿಗೋಡಿನ ದಲಿತರು ಸೊಂಟ, ಮೊಣಕಾಲು ಹಿಡಿದು ನೆಲಕ್ಕೆ ಬೀಳತೊಡಗಿದ್ದು ಹೊರಗಿನ ಲೋಕಕ್ಕೆ ಗೊತ್ತಾಯಿತು. ಕೆಲವರು ಕುಳ್ಳರಾಗಿ ಉಳಿದರು, ಕೆಲವರು ತೆವಳಿದರು. ಕಾಯಿಲೆ ಕಂಡದ್ದು ಮುಖ್ಯವಾಗಿ ಚನ್ನಂಗಿ ಮತ್ತು ಛಲವಾದಿ ಜನರಲ್ಲಿ. ಗದ್ದೆಯ ಏಡಿ ತಿಂದದ್ದರಿಂದ, ಏಡಿಯೊಳಗೆ ಸೇರಿದ ಕೀಟನಾಶಕದಿಂದ ಬಂತು ಅನ್ನೋ ಅನುಮಾನ ಮೊದಲು ಹುಟ್ಟಿತು. ಆಮೇಲೆ 1990ರ ದಶಕದ ಸಂಶೋಧನೆಗಳು ಇದು ವಂಶದಲ್ಲಿ ಇಳಿದು ಬರೋ ಎಲುಬಿನ ಕಾಯಿಲೆ ಅಂದವು.

ವಂಶದ್ದು ಅಂದ ಕೂಡಲೇ ಕೆಲವರಿಗೆ ಸಮಾಧಾನ: ಹಾಗಾದರೆ ಯಾರ ತಪ್ಪೂ ಇಲ್ಲ. ನಮಗೆ ಹಾಗನ್ನಿಸೋದಿಲ್ಲ. ಒಂದು ಜಾತಿಯ ರಕ್ತ ಇನ್ನೊಂದು ಜಾತಿಗೆ ಸೇರಬಾರದು ಅಂತ ಗೋಡೆ ಕಟ್ಟಿದ ಸಮಾಜದಲ್ಲಿ ಕಾಯಿಲೆಯೂ ಆ ಗೋಡೆಯೊಳಗೇ ತಿರುಗುತ್ತದೆ. ಇನ್ನೊಂದು ಮಾತು. ಹತ್ತು ಎಕರೆ ಅಡಿಕೆ ತೋಟ ಇದ್ದವನ ಮೊಣಕಾಲು ಸವೆದರೆ ಅವನು ಜಗಲಿ ಮೇಲೆ ಕೂತು ಆಳು ನೋಡ್ತಾನೆ. ನೆಟ್ಟಿ ಕೂಲಿಯವಳ ಮೊಣಕಾಲು ಸವೆದರೆ ಸಂಜೆ ಒಲೆ ಹತ್ತೋದಿಲ್ಲ. ಎಲುಬು ಇಬ್ಬರದೂ ಒಂದೇ. ಅಂಗವಿಕಲತೆ ಒಂದೇ ಅಲ್ಲ. ರಕ್ತ ಪರೀಕ್ಷೆಗೆ ಈ ವ್ಯತ್ಯಾಸ ಕಾಣೋದಿಲ್ಲ, ಸರ್ಟಿಫಿಕೇಟಿಗೂ ಕಾಣೋದಿಲ್ಲ.

ಇನ್ನು ಆ ನಲವತ್ತರ ವಿಷಯ. 1995ರಲ್ಲಿ ಸಂಸತ್ತು ಅಂಗವಿಕಲರ ಕಾಯಿದೆ ಪಾಸು ಮಾಡಿತು, 1996ರ ಫೆಬ್ರವರಿ 7ರಂದು ಜಾರಿಗೆ ಬಂತು. ಏಳು ಬಗೆಯ ಅಂಗವಿಕಲತೆ, ಸರ್ಕಾರಿ ಕೆಲಸದಲ್ಲಿ ಶೇಕಡಾ 3 ಮೀಸಲು, ಮತ್ತು ಶೇಕಡಾ 40ರ ಗೆರೆ. 2016ರ ಹೊಸ ಕಾಯಿದೆ ಏಳನ್ನು 21 ಮಾಡಿತು, ಮೂರನ್ನು ನಾಲ್ಕು ಮಾಡಿತು. ನಲವತ್ತರ ಗೆರೆ ಮಾತ್ರ ಅಲ್ಲೇ ಉಳಿಯಿತು. ಇವು ಕೂತಲ್ಲಿಗೆ ಬಂದ ದಾನವಲ್ಲ. ಅಂಗವಿಕಲರೇ ಬೀದಿಗಿಳಿದು ಕೇಳಿ ಪಡೆದ ಕಾಯಿದೆಗಳು.

ಅಳೆಯೋದು ಹೇಗೆ ಅನ್ನೋದಕ್ಕೂ ಸರ್ಕಾರದ ಮಾರ್ಗಸೂಚಿ ಇದೆ. 2001ರಲ್ಲಿ ಒಂದು ಬಂತು, 2018ರಲ್ಲಿ ಇನ್ನೊಂದು ಬಂತು. ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲ ಇದೆ ಅಂತ ನೋಡುತ್ತಾರೆ. ಕಾಲಿನ ಸ್ಥಿರತೆಗೆ ಬೇರೆ ಪರೀಕ್ಷೆ: ಸಮನೆಲದಲ್ಲಿ ನಡೆಯೋದು, ಇಳಿಜಾರಿನಲ್ಲಿ ನಡೆಯೋದು, ಮೆಟ್ಟಿಲು ಹತ್ತೋದು, ಕುಕ್ಕರುಗಾಲಲ್ಲಿ ಕೂರೋದು, ಚಕ್ಕಂಬಕ್ಕಳ ಹಾಕೋದು, ಮಂಡಿ ಊರೋದು. ತಪ್ಪಿಲ್ಲ, ಬೇಕಾದ್ದೇ. ಆದರೆ ಕೆಸರಿನಲ್ಲಿ ಕಾಲು ಹೂತು ಹೊತ್ತು ಮುಳುಗೋ ತನಕ ಬಗ್ಗಿರೋದು ಆ ಪಟ್ಟಿಯಲ್ಲಿಲ್ಲ. ಮೂಟೆ ಹೊರೋದು ಇಲ್ಲ. ನಮ್ಮಪ್ಪ ಆಸ್ಪತ್ರೆಯ ಮೆಟ್ಟಿಲು ಹತ್ತಿ ತೋರಿಸಿದ. ದೊಡ್ಡೋರು ಹೇಳಿದಾಗ ಆಗೋದಿಲ್ಲ ಅನ್ನೋದನ್ನು ನಮ್ಮಪ್ಪನಿಗೆ ಯಾರೂ ಕಲಿಸಿರಲಿಲ್ಲ. ತಲೆತಲಾಂತರದ ವಿಧೇಯತೆ ಅವತ್ತು ಐದು ಅಂಕ ತಿಂದುಹಾಕಿತು.

ಸರ್ಟಿಫಿಕೇಟು ಬಂದರೂ ದಾರಿ ಮುಗಿಯೋದಿಲ್ಲ. ಆಧಾರ್, ರೇಷನ್ ಕಾರ್ಡು, ಆದಾಯ ಪತ್ರ, ಬ್ಯಾಂಕ್ ಪಾಸ್‌ಪುಸ್ತಕ ಹಿಡಿದು ನಾಡಕಚೇರಿಗೆ ಹೋಗಬೇಕು. ಊರಿಗೆ ಬಂದು ವಿಚಾರಣೆ ಮಾಡೋರು ಗ್ರಾಮ ಆಡಳಿತ ಅಧಿಕಾರಿ. ಮುತ್ತಾತನ ಕಾಲದಲ್ಲಿ ಆ ಲೇಖನಿ ಶಾನುಭೋಗರ ಮನೆತನದ್ದು, ತೋಟಿ-ತಳವಾರಿಕೆ ನಮ್ಮದು. ವಂಶಪಾರಂಪರ್ಯದ ಆ ಹುದ್ದೆಗಳನ್ನು 1961ರ ಕಾಯಿದೆ ತೆಗೆದುಹಾಕಿತು. ಕಾಗದಕ್ಕೆ ಕೈಮುಗಿಯೋ ಅಭ್ಯಾಸ ಮಾತ್ರ ನಮ್ಮಲ್ಲಿ ಹೋಗಲಿಲ್ಲ. 2021ರ ಜೂನ್ 1ರಿಂದ ಸರ್ಟಿಫಿಕೇಟನ್ನು ಆನ್‌ಲೈನಿನಲ್ಲೇ ಕೊಡಬೇಕು ಅಂತ ಆಯಿತು. ಯು.ಡಿ.ಐ.ಡಿ. ಕಾರ್ಡು ಅಂತಾರೆ. ಲಂಚದ ಕೈ ಕಮ್ಮಿ ಆಗಲಿ ಅಂತ ಮಾಡಿದರೇನೋ. ಈಗ ಸೈಬರ್ ಅಂಗಡಿಯವನಿಗೆ ಕೈ ಒಡ್ಡುತ್ತೇವೆ. ಕೂಲಿ ಮಾಡಿ ಮಾಡಿ ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸೋದಿಲ್ಲ. ದುಡಿದದ್ದೇ ತಪ್ಪಾಗುತ್ತದೆ.

ಇಷ್ಟೆಲ್ಲ ಆಗಿ ಸಿಗೋದೆಷ್ಟು? 2009ರಲ್ಲಿ ಕೇಂದ್ರ ಸರ್ಕಾರ ಇಂದಿರಾ ಗಾಂಧಿ ಹೆಸರಿನಲ್ಲಿ ಅಂಗವಿಕಲರ ಪಿಂಚಣಿ ತಂದಾಗ ತಿಂಗಳಿಗೆ 200 ರೂಪಾಯಿ, ಅದೂ ಬಡತನ ರೇಖೆಯ ಕೆಳಗಿದ್ದು ಶೇಕಡಾ 80 ಇದ್ದವರಿಗೆ. 2012ರಲ್ಲಿ 300 ಮಾಡಿದರು. ಕೇಂದ್ರದ ಪಾಲು ಅಲ್ಲೇ ಕುಂಟುತ್ತಾ ನಿಂತಿದೆ. ಶೇಕಡಾ 40ರಿಂದ ಶುರುವಾಗೋದು ನಮ್ಮ ರಾಜ್ಯದ ಪಿಂಚಣಿ. ನಮ್ಮಪ್ಪ ಕಾಯುತ್ತಿದ್ದದ್ದು ಅದಕ್ಕೆ.

2016ರ ಕಾಯಿದೆಯ 59ನೇ ಕಲಮು ಓದಿದ್ದು ನಾವು ಆಗಲೇ. ಸರ್ಟಿಫಿಕೇಟು ತಪ್ಪು ಅನ್ನಿಸಿದರೆ ಮೇಲ್ಮನವಿ ಸಲ್ಲಿಸಬಹುದು. ನಿಯಮದ ಪ್ರಕಾರ 90 ದಿನದೊಳಗೆ. ನಮ್ಮ ಮನೆತನದಲ್ಲಿ ಮೊದಲ ಪದವೀಧರರು ನಾವು. ಓದು ಮುಗಿದ ಮೇಲೆ ಕವಿತೆ ಬರೆದೆವು, ಪತ್ರಿಕೆಗೆ ಕಳಿಸಿದೆವು, ಅಚ್ಚಾದವು. ಆದರೆ ನಮ್ಮಪ್ಪ ಎರಡು ಸಲ ಓದಿಸಿ ಕೇಳಿದ್ದು ಆ ಮೇಲ್ಮನವಿಯನ್ನು ಮಾತ್ರ. 'ಇದ್ರಲ್ಲಿ ಸುಳ್ಳು ಏನಾದ್ರೂ ಇದ್ಯಾ?' ಅಂದ. ಇಲ್ಲ ಅಂದೆವು. 'ಹಂಗಾದ್ರೆ ಹೆಬ್ಬೆಟ್ಟು ಒತ್ತೀನಿ' ಅಂದ. ಎರಡನೇ ಸಲ ಬೋರ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂರೋಕೆ ಹೇಳಿದಾಗ ನಮ್ಮಪ್ಪ ನಮ್ಮ ಮುಖ ನೋಡಿದ. ಆಮೇಲೆ ಡಾಕ್ಟರನ್ನ ನೋಡಿ, 'ಆಗಕಿಲ್ಲ ಸ್ವಾಮಿ' ಅಂದ. ಹುಟ್ಟಿದಾಗಿನಿಂದ ದೊಡ್ಡೋರ ಮುಂದೆ ಆತ ಹೇಳಿದ ಮೊದಲನೇ ಇಲ್ಲ ಅದು. ಶೇಕಡಾ 45 ಅಂತ ಬರೆದರು.

ಪಿಂಚಣಿ ಬಂತು. ಅದರಿಂದ ಸಂಸಾರ ನಡೆಯೋದಿಲ್ಲ. ಔಷಧಿಗೆ, ಎಲೆ-ಅಡಿಕೆಗೆ ಆಗುತ್ತದೆ, ಅಷ್ಟೆ. ಆದರೂ ನಾವು ಇದನ್ನು ಬರೆಯೋದು ಯಾಕೆಂದರೆ, ನಮ್ಮ ಕೇರಿಯಲ್ಲಿ 30 ಅಂತ, 35 ಅಂತ ಬರೆಸಿಕೊಂಡು ಸುಮ್ಮನೆ ಮನೆಗೆ ಬಂದು ಆ ಕಾಗದವನ್ನು ದೇವರ ಪಟದ ಹಿಂದೆ ಸಿಕ್ಕಿಸಿದವರು ಇನ್ನೂ ಇದ್ದಾರೆ. ಅವರಲ್ಲಿ ಅನೇಕರಿಗೆ 90 ದಿನದ ಮಾತು ಗೊತ್ತಿಲ್ಲ.

ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನ ತಮ್ಮಂದಿರೇ ತಂಗಿಯರೇ, ಮುಂದಿನ ಸಲ ಕೇರಿಗೆ ಹೋದಾಗ ಭಾಷಣಕ್ಕಿಂತ ಮೊದಲು ಆ ಪಟಗಳ ಹಿಂದೆ ಕೈ ಹಾಕಿ ನೋಡಿ. ಕಾಗದ ತೆಗೆದು ತಾರೀಖು ಓದಿ. ದಿನ ಉಳಿದಿದ್ದರೆ ಅವತ್ತೇ ಮೇಲ್ಮನವಿ ಬರೆದುಕೊಡಿ. ದಿನ ಮೀರಿದ್ದರೆ ಆ ಹೆಸರುಗಳ ಪಟ್ಟಿ ಮಾಡಿ ತಾಲ್ಲೂಕು ಕಚೇರಿ ಮುಂದೆ ಒಟ್ಟಾಗಿ ಕೂರೋಣ. ಕುಕ್ಕರುಗಾಲಲ್ಲಿ ಕೂರಲಾಗದವರಿಗೆ ಕುರ್ಚಿ ನಾವೇ ಹೊತ್ತು ತರೋಣ.